ಯಾರಿಗೆ ತಾತ ಅಂತ ಕೇಳಲಿಲ್ಲ ನಾನು

ವಂಶದ ಮೂಲ ಹುಡುಕೋಕೆ 'ಮೊದಲು ತಾಲ್ಲೂಕು ಕಚೇರಿಯಲ್ಲಿ ದಾಖಲೆ ತೆಗೆಸ್ತೀನಿ, ಹಿರಿಯರನ್ನ ಆಮೇಲೆ ಕೇಳ್ತೀನಿ, ಅವರ ನೆನಪು ನಂಬೋಕಾಗಲ್ಲ' ಅಂತ ಬರೆದಿದ್ದೀರಲ್ಲ, 2012ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ.

ನಮ್ಮದು ತುರುವೇಕೆರೆ ಕಡೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಭೋಗ್ಯಪತ್ರ, ಅಂದರೆ ಸಾಲಕ್ಕೆ ಜಮೀನು ಬಿಟ್ಟುಕೊಟ್ಟ ಕಾಗದ, ಸಿಕ್ಕಿತು. ಮೇಲಿನ ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದದ್ದರಲ್ಲಿ 'ಧಾತು ಸಂವತ್ಸರದ ಪುಷ್ಯ ಬಹುಳ' ಅಂತ ಒಂದು ಸಾಲು, ಕೆಳಗೆ 'ತಿಮ್ಮಪ್ಪ ಬಿನ್ ರಂಗಪ್ಪ' ಅಂತ ಹೆಬ್ಬೆಟ್ಟು. (ಹೆಸರು ಬದಲಿಸಿದ್ದೇನೆ.) ನಮ್ಮ ತಾತ ತಿಮ್ಮಪ್ಪ, ಅವರಪ್ಪ ರಂಗಪ್ಪ. ಧಾತು ಅಂದರೆ 1936–37. ಎಲ್ಲ ಸರಿಹೋಯಿತು ಅಂತ ಕುಣಿದುಬಿಟ್ಟೆ.

ಕಾಗದ ಹಿಡಿದು ಸೋದರತ್ತೆ ಹತ್ತಿರ ಹೋದೆ. ಆಗ ಅವರಿಗೆ 86. 'ಧಾತು ಬರದಾಗೆ ಕಣೋ ತಿಮ್ಮತಾತ ಶಿರಾ ಕಡೆಯಿಂದ ಒಕ್ಕಲೆದ್ದು ಬಂದಿದ್ದು' ಅಂದರು. ನಾನು ನಕ್ಕು, 'ಅತ್ತೆ, 1936ರಲ್ಲಿ ಊರು ಬಿಡಿಸೋ ಅಂಥ ಬರ ಎಲ್ಲಿತ್ತು? ನಿಮಗೆ ಮರೆತುಹೋಗಿದೆ' ಅಂದೆ. 'ನೀನು ಓದಿದೋನು, ನಿಂಗೇ ಗೊತ್ತಿರ್ತದೆ ಬಿಡು' ಅಂತ ಎಲೆಅಡಿಕೆ ತಟ್ಟೆ ಹತ್ತಿರಕ್ಕೆಳೆದುಕೊಂಡರು. ಮಾತು ಅಲ್ಲಿಗೆ ಮುಗಿಯಿತು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವೂ ಇಲ್ಲೇ ಬೀಳ್ತೀರ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. 1936ರ ಹಿಂದಿನ ಧಾತು 1876. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು ಇಡ್ತೀವಿ. ತಿಮ್ಮಪ್ಪನ ಮಗ ರಂಗಪ್ಪ, ಅವನ ಮಗ ಮತ್ತೆ ತಿಮ್ಮಪ್ಪ. ಎರಡು ತಲೆಮಾರು ಅಂದರೂ ಹೆಚ್ಚುಕಡಿಮೆ ಅದೇ 60 ವರ್ಷ! ಹಾಗಾಗಿ 1876ರಲ್ಲೂ ಒಬ್ಬ 'ತಿಮ್ಮಪ್ಪ ಬಿನ್ ರಂಗಪ್ಪ', 1936ರಲ್ಲೂ ಒಬ್ಬ. ಸಂವತ್ಸರ ಒಂದೇ, ಹೆಸರು ಒಂದೇ, ಅಪ್ಪನ ಹೆಸರೂ ಒಂದೇ. ದಾಖಲೆ ಸುಳ್ಳು ಹೇಳಲಿಲ್ಲ, ಆದರೆ ನನ್ನ ತಪ್ಪಿಗೆ ಮೊಹರು ಒತ್ತಿಕೊಟ್ಟಿತು. ಅತ್ತೆ 'ತಿಮ್ಮತಾತ' ಅಂದಾಗ ನನ್ನ ತಾತ ಅಂದುಕೊಂಡೆ. ನನ್ನ ತಾತ ಅವರಿಗೆ ಅಪ್ಪ ಆಗಬೇಕಲ್ಲ! ಇನ್ನೊಂದು ಹೇಳೋಕೆ ನಾಚಿಕೆ: 1936ರಲ್ಲಿ ಅತ್ತೆಗೆ ಹತ್ತು ವರ್ಷ. ಆಗ ಒಕ್ಕಲೆದ್ದಿದ್ದರೆ ಗಾಡಿಯಲ್ಲಿ ಅವರೂ ಕೂತಿರಬೇಕಿತ್ತು. ಇಷ್ಟು ಲೆಕ್ಕವೂ ನನಗೆ ಹೊಳೆಯಲಿಲ್ಲ.

ಅತ್ತೆ ಹೇಳಿದ್ದು ಧಾತು ಈಶ್ವರ ಬರ, ಅಂದರೆ ಧಾತು ಮತ್ತು ಅದರ ಮುಂದಿನ ಈಶ್ವರ ಸಂವತ್ಸರದ ಬರ, 1876–78ರದ್ದು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ, 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು.

ಒಂದು ವರ್ಷ ರಜೆ ಹಾಕಿ ಹಾಕಿ ರೆಕಾರ್ಡ್ ರೂಮಿಗೆ ಅಲೆದು 1936ರ ಆಚೀಚಿನ ಮ್ಯುಟೇಷನ್ (ಜಮೀನಿನ ಖಾತೆ ಬದಲಾದ ದಾಖಲೆ) ಹುಡುಕಿಸಿದೆ. ಏನೂ ಸಿಗಲಿಲ್ಲ, ಸಿಗೋಕೆ ಇರಲೂ ಇಲ್ಲ. ಅಷ್ಟರಲ್ಲಿ ಅತ್ತೆ ಹೋಗಿಬಿಟ್ಟರು. ಮರುವರ್ಷ ಸುಗ್ಗಿ ಮುಗಿದ ಮೇಲೆ, ಮನೆಮನೆಗೆ ಬಂದು ವಂಶಾವಳಿ ಓದೋ ಹೆಳವರು ಬಂದರು, ಎತ್ತಿನ ಮೇಲಲ್ಲ, ಟಿವಿಎಸ್ ಮೇಲೆ. ಜಗಲಿಯಲ್ಲಿ ಕೂತು ನಮ್ಮ ವಂಶ ಓದಿದರು: ತಿಮ್ಮಪ್ಪ, ರಂಗಪ್ಪ, ತಿಮ್ಮಪ್ಪ. ಇಬ್ಬರು ತಿಮ್ಮಪ್ಪಂದಿರು! ನನಗೆ ಅಲ್ಲೇ ಬೆವರಿತು.

ಅದಕ್ಕೇ ಹೇಳೋದು, ನಿಮ್ಮ ಯೋಜನೆ ತಲೆಕೆಳಗಾಗಿದೆ. ರೆಕಾರ್ಡ್ ರೂಮು ಇನ್ನೂ ಹತ್ತು ವರ್ಷ ಅಲ್ಲೇ ಇರುತ್ತೆ, ನಿಮ್ಮ ಅಜ್ಜಿ ಇರ್ತಾರಾ? ಈ ಭಾನುವಾರವೇ ಹೋಗಿ. 'ನಮ್ಮ ವಂಶದ ಬಗ್ಗೆ ಹೇಳಿ' ಅಂತ ಶುರು ಮಾಡಿದರೆ ಯಾರೂ ಬಾಯಿ ಬಿಡಲ್ಲ. ಮನೆದೇವರು ಎಲ್ಲಿ, ಮುಡಿ ಕೊಡೋಕೆ ಯಾವ ದಾರಿಯಲ್ಲಿ ಹೋಗ್ತಿದ್ದಿರಿ ಅಂತ ಕೇಳಿ, ಮೂಲ ಊರು ತಾನಾಗಿ ಬರುತ್ತೆ. 'ತಾತ' ಅಂದರೆ ಯಾರಿಗೆ ತಾತ ಅಂತ ಆಗಲೇ ಕೇಳಿಕೊಳ್ಳಿ. ಹೇಳಿದ್ದು ತಪ್ಪು ಅನ್ನಿಸಿದರೂ ತಿದ್ದೋಕೆ ಹೋಗಬೇಡಿ, ಫೋನಿನಲ್ಲಿ ರೆಕಾರ್ಡ್ ಆಗ್ತಿರಲಿ. ಪತ್ರದಲ್ಲಿ ತಿಥಿ, ವಾರ ಎರಡೂ ಉಳಿದಿದ್ದರೆ 60 ವರ್ಷ ಹಿಂದಕ್ಕೂ ಪಂಚಾಂಗ ತಾಳೆ ಹಾಕಿ, ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ ಹೊಂದುತ್ತೆ. ನನ್ನ ಪತ್ರದಲ್ಲಿ ವಾರ ಗೆದ್ದಲಿಗೆ ಹೋಗಿತ್ತು. ವಂಶವೃಕ್ಷದ ಆಪ್ ಯಾವುದಾದರೂ ಆಗುತ್ತೆ, ಅದರ ಬಗ್ಗೆ ನನ್ನನ್ನ ಕೇಳಬೇಡಿ.

ಬರದಲ್ಲಿ ತಿಮ್ಮಪ್ಪನ ಜೊತೆ ಮಕ್ಕಳನ್ನ ಕಟ್ಟಿಕೊಂಡು ಬಂದ ಹೆಂಡತಿಯ ಹೆಸರು ಹೆಳವರ ಪಟ್ಟಿಯಲ್ಲೂ ಇರಲಿಲ್ಲ, ಪತ್ರದಲ್ಲೂ ಇರಲಿಲ್ಲ. ಅಮ್ಮನನ್ನ ಕೇಳಿದೆ. 'ನಿಮ್ಮತ್ತೆಗೆ ಇಟ್ಟಿದ್ದು ಅವಳ ಹೆಸರೇ ಅಂತ ಹೇಳೋರು. ಖರೇನೋ ಏನೋ, ಅವರನ್ನೇ ಕೇಳಬೇಕಿತ್ತು' ಅಂದರು.