ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಗೆ ಸೇರಿದ ವಿಷ ಮತ್ತು ಪರಿಹಾರದ ಹಕ್ಕು

ಕೆಲಸದ ಜಾಗದಲ್ಲೋ ಮನೆಯ ಪಕ್ಕದಲ್ಲೋ ಬಳಸಿದ ರಾಸಾಯನಿಕಗಳಿಂದ ಆರೋಗ್ಯ ಕೆಟ್ಟವರ ಪತ್ರಗಳು ಈಚೆಗೆ ಹೆಚ್ಚಾಗಿ ಬರುತ್ತಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಕಂಪನಿಯ ಹೆಸರು ಎರಡನ್ನೂ ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಈಗ ಅರವತ್ತೇಳು ವರ್ಷ. ಕಾರವಾರದ ಸಮೀಪದ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಗುತ್ತಿಗೆದಾರರ ಕೈಕೆಳಗೆ ಫಿಟ್ಟರ್ ಆಗಿ ಬಹಳ ವರ್ಷ ದುಡಿದರು. ಉಗಿ ಕೊಳವೆಗಳಿಗೆ ಕಲ್ನಾರಿನ ಹಗ್ಗ ಸುತ್ತುವುದು, ಹಳೆಯದನ್ನು ಕೆರೆದು ತೆಗೆಯುವುದು ಅವರ ಕೆಲಸವಾಗಿತ್ತು. ಈಗ ನಾಲ್ಕು ಹೆಜ್ಜೆ ನಡೆದರೆ ದಮ್ಮು ಬರುತ್ತದೆ. ಎರಡು ಸಲ ಕ್ಷಯವೆಂದು ಮಾತ್ರೆ ಕೊಟ್ಟರೂ ಗುಣವಾಗಲಿಲ್ಲ. ಕಲ್ನಾರಿನಿಂದ ಹೀಗಾಗಿರಬಹುದೇ? ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೊಡುವುದಾದರೆ ಕೇಸು ಹಾಕಿಸಿಕೊಡುತ್ತೇವೆ ಎಂದು ಒಬ್ಬರು ಮನೆಗೇ ಬಂದು ಹೇಳಿ ಹೋಗಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ ತಾಲ್ಲೂಕು

ಉತ್ತರ: ಆಗಿರಬಹುದು. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಒಡೆಯುವ ಖನಿಜ. ಹೊಸ ಹಗ್ಗವನ್ನು ಸುತ್ತುವಾಗಿನದಕ್ಕಿಂತ, ವರ್ಷಗಟ್ಟಲೆ ಶಾಖಕ್ಕೆ ಒಣಗಿ ಪುಡಿಪುಡಿಯಾದ ಹಳೆಯ ಸುತ್ತನ್ನು ಉಳಿಯಿಂದ ಕೆರೆದು ತೆಗೆಯುವಾಗ ಏಳುವ ಧೂಳು ಹೆಚ್ಚು ಅಪಾಯದ್ದು. ಶ್ವಾಸಕೋಶದ ಆಳಕ್ಕೆ ಇಳಿದ ಎಳೆಗಳನ್ನು ಶರೀರ ಕರಗಿಸಲಾರದು; ಅವುಗಳ ಸುತ್ತ ನಿಧಾನವಾಗಿ ಗಾಯದ ಕಲೆ ಬೆಳೆದು ಶ್ವಾಸಕೋಶ ಬಿರುಸಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಕೂಡ ಇದೇ ಎಳೆಗಳಿಂದ ಬರುತ್ತವೆ. ಧೂಳು ಕುಡಿದ ಹತ್ತು ವರ್ಷಕ್ಕೂ ಕಾಯಿಲೆ ಬರಬಹುದು, ನಲವತ್ತು ವರ್ಷಕ್ಕೂ ಬರಬಹುದು. ಹಾಗಾಗಿ ನಿವೃತ್ತಿಯ ನಂತರ ಕಾಣಿಸಿಕೊಂಡ ಕಾಯಿಲೆಗೂ ಕೆಲಸಕ್ಕೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಮೊದಲು ಹಳೆಯ ಕಡತವನ್ನು ತೆಗೆದು ಒಂದು ವಿಷಯ ನೋಡಿ: ಆ ಎರಡು ಸಲವೂ ಕಫದಲ್ಲಿ ಕ್ಷಯದ ಕ್ರಿಮಿ ಕಂಡಿತ್ತೇ, ಅಥವಾ ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ ಕಂಡ ಮಾತ್ರಕ್ಕೆ ಮಾತ್ರೆ ಆರಂಭಿಸಿದ್ದರೇ? ಧೂಳಿನ ಕಾಯಿಲೆಗಳನ್ನು ಕ್ಷಯವೆಂದು ತಿಳಿದು ಚಿಕಿತ್ಸೆ ಕೊಡುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಎದೆಯ ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ತೆಳು ಪದರಗಳಾಗಿ ಸ್ಪಷ್ಟವಾಗಿ ತೋರಿಸುವ) ಸ್ಕ್ಯಾನ್ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಎರಡೂ ಆಗಬೇಕು. ಅನಿಲ ರಕ್ತಕ್ಕೆ ಸೇರುವ ಪ್ರಮಾಣವನ್ನು ಅಳೆಯುವ ಪರೀಕ್ಷೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾಗಿ ಬರಬಹುದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ ಇಷ್ಟು ವರ್ಷ ಕೇಳುತ್ತಿರುವುದು ಇಂಥ ರೋಗಿಗಳಿಗಾಗಿಯೇ, ದಮ್ಮು ಕಟ್ಟಿದ ಮುದುಕರನ್ನು ಬಸ್ಸಿನಲ್ಲಿ ಘಟ್ಟ ಹತ್ತಿಸುವುದು ಸಣ್ಣ ಮಾತಲ್ಲ. ಬಿರುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದರೆ ಸೋಂಕು ಬರದಂತೆ ಲಸಿಕೆ, ಉಸಿರಾಟದ ವ್ಯಾಯಾಮ, ಅಗತ್ಯವಿದ್ದರೆ ಮನೆಯಲ್ಲೇ ಆಮ್ಲಜನಕ, ಇವುಗಳಿಂದ ದಿನಗಳು ಹಗುರವಾಗುತ್ತವೆ. ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಬೇಕು; ಕಲ್ನಾರು ಮತ್ತು ತಂಬಾಕು ಎರಡೂ ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ವೈದ್ಯರ ಬಳಿ ಹೋದಾಗ ತಂದೆಯವರು ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಿಭಾಗದಲ್ಲಿ, ಏನನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದರು ಎಂಬುದನ್ನು ನೀವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅದನ್ನು ಕೇಸ್ ಶೀಟಿನಲ್ಲಿ ದಾಖಲಿಸುವಂತೆ ಕೇಳಿಕೊಳ್ಳಿ. ನಮ್ಮಲ್ಲಿ ರೋಗಿಯ ಉದ್ಯೋಗವೆಂದರೆ 'ಕೂಲಿ' ಎಂಬ ಒಂದೇ ಪದ ಬರೆದು ಮುಗಿಸುತ್ತಾರೆ. ಮುಂದೆ ನ್ಯಾಯಾಲಯದಲ್ಲಿ ನಿಮ್ಮ ಪರವಾಗಿ ನಿಲ್ಲುವುದೂ ನಿಮ್ಮನ್ನು ಸೋಲಿಸುವುದೂ ಆ ಒಂದು ಸಾಲೇ. ಕಾರ್ಖಾನೆ ಕೆಲಸಗಾರರಲ್ಲಿ ಆಸ್ಬೆಸ್ಟೋಸಿಸ್ ಕಂಡುಬಂದರೆ ಚಿಕಿತ್ಸೆ ನೀಡುವ ವೈದ್ಯರು ಕಾರ್ಖಾನೆಗಳ ಮುಖ್ಯ ಇನ್ಸ್‌ಪೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಇನ್ನು ಪರಿಹಾರದ ವಿಷಯ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇತ್ತು, ಅದರಲ್ಲಿ ಆಸ್ಬೆಸ್ಟೋಸಿಸ್ ಸೇರಿತ್ತು. 2025ರ ನವೆಂಬರಿನಿಂದ ಅದರ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಂಥದೇ ಪಟ್ಟಿ ಮುಂದುವರಿದಿದೆ. ಗುತ್ತಿಗೆದಾರನ ಆಳು ಎಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ಹಳೆಯ ಕಾಯ್ದೆಯ 12ನೇ ಕಲಮಿನಲ್ಲಿದ್ದಂತೆ ಮೂಲ ಮಾಲೀಕನಾದ ಕಾರ್ಖಾನೆಯಿಂದಲೇ ಕೇಳಬಹುದು, ಗುತ್ತಿಗೆದಾರನಿಂದ ಅದನ್ನು ವಸೂಲು ಮಾಡಿಕೊಳ್ಳುವುದು ಕಾರ್ಖಾನೆಗೆ ಬಿಟ್ಟದ್ದು. ತಂದೆಯವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಮಾತ್ರ ದಾರಿ ಬೇರೆ. ಆಗ ಮಾಲೀಕನ ಮೇಲೆ ಪರಿಹಾರದ ಅರ್ಜಿ ಹಾಕಲು ಬರುವುದಿಲ್ಲ, ಇಎಸ್‌ಐ ನಿಗಮದಿಂದಲೇ ಅಂಗವಿಕಲತೆಯ ಸೌಲಭ್ಯವನ್ನು ಕೇಳಬೇಕು.

ನಿಮ್ಮ ಪ್ರಕರಣದಲ್ಲಿ ನಿಜವಾಗಿ ಕಷ್ಟದ್ದು ಕಾಲಮಿತಿ. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಆಗಬೇಕು. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ, ಲಕ್ಷಣ ಕಂಡ ದಿನವನ್ನೇ ಅಪಘಾತದ ದಿನವೆಂದು ಎಣಿಸುತ್ತಾರೆ. ಆದರೆ ಕಲ್ನಾರಿನ ಕಾಯಿಲೆ ಅಷ್ಟು ಬೇಗ ಮುಖ ತೋರಿಸುವುದೇ ಇಲ್ಲ, ಕಾನೂನಿನ ಈ ಭಾಗ ಕಾಯಿಲೆಯ ಸ್ವಭಾವಕ್ಕೆ ಹೊಂದುವಂಥದಲ್ಲ ಎಂದೇ ನಮ್ಮ ಅಭಿಪ್ರಾಯ. ಸಮಾಧಾನದ ಸಂಗತಿಯೆಂದರೆ ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಪರಿಹಾರದ ಅರ್ಜಿ ಆಲಿಸುವ ಅಧಿಕಾರಿಗೆ ಇದೆ. ಕ್ಷಯವೆಂದು ತಪ್ಪಾಗಿ ತಿಳಿದು ಚಿಕಿತ್ಸೆಯಲ್ಲೇ ವರ್ಷಗಳು ಕಳೆದವು ಎಂಬುದು ಹೇಳಲು ಯೋಗ್ಯವಾದ ಕಾರಣ. ರೋಗ ಇಂಥದೆಂದು ಲಿಖಿತವಾಗಿ ಕೈಗೆ ಬಂದ ಮೇಲೆ ಒಂದು ತಿಂಗಳನ್ನೂ ಸುಮ್ಮನೆ ಕಳೆಯಬೇಡಿ.

ಪುರಾವೆಯ ಚಿಂತೆ ಬೇಡ, ಅದು ನೀವು ಎಣಿಸಿದ್ದಕ್ಕಿಂತ ಹೆಚ್ಚಿಗೆ ಇರುತ್ತದೆ. ಪಿಎಫ್ ಚೀಟಿ, ಗೇಟ್ ಪಾಸ್, ಸಂಬಳದ ಲಕೋಟೆ, ಜೊತೆಯಲ್ಲಿ ದುಡಿದವರ ಹೇಳಿಕೆ, ಎಲ್ಲವೂ ನಡೆಯುತ್ತದೆ. ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ 1995ರ ಜನವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಕಾರ್ಮಿಕನ ಆರೋಗ್ಯವು ಬದುಕುವ ಹಕ್ಕಿನ ಭಾಗವೆಂದು ಸಾರಿದ್ದಲ್ಲದೆ, ಆ ಉದ್ಯಮದವರು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ನಲವತ್ತು ವರ್ಷ ಅಥವಾ ಬಿಟ್ಟ ಮೇಲೆ ಹದಿನೈದು ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ನಿಮ್ಮ ತಂದೆಯವರದು ಕಲ್ನಾರನ್ನು ಬಳಸಿದ ಕಾರ್ಖಾನೆಯೇ ಹೊರತು ತಯಾರಿಸಿದ್ದಲ್ಲವಾದರೂ, ಈ ತೀರ್ಪನ್ನು ಉಲ್ಲೇಖಿಸಿ ದಾಖಲೆ ಕೇಳಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿ, ಸ್ವೀಕೃತಿಯನ್ನು ಜೋಪಾನ ಮಾಡಿ. ತಾಯಿಯವರನ್ನೂ ಒಮ್ಮೆ ತಪಾಸಣೆ ಮಾಡಿಸಿ. ಧೂಳು ಹಿಡಿದ ಬಟ್ಟೆಯನ್ನು ಕೊಡವಿ ಒಗೆದವರಿಗೂ ಈ ಕಾಯಿಲೆಗಳು ಬಂದದ್ದಿದೆ.

ಮನೆಗೆ ಬಂದವರಿಗೆ ಸ್ಪಷ್ಟವಾಗಿ ಆಗುವುದಿಲ್ಲವೆನ್ನಿ. ಪರಿಹಾರದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಂತೆ ನಿಷಿದ್ಧ. ಖಾಲಿ ಹಾಳೆಗೆ ಸಹಿಯನ್ನಾಗಲಿ, ಮೂಲ ಎಕ್ಸ್-ರೇಯನ್ನಾಗಲಿ ಯಾರ ಕೈಗೂ ಕೊಡಬೇಡಿ. ಕಾರವಾರದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಅಂಗವಿಕಲರು, ಪರಿಶಿಷ್ಟರು ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರನ್ನು ಪಡೆಯಬಹುದು. ದೂರವಾಣಿ 15100.

ಪ್ರಶ್ನೆ: ಬನವಾಸಿ ಕಡೆ ಶುಂಠಿ ಗದ್ದೆ ಮಾಡಿದ್ದೇನೆ. ಔಷಧಿ ಹೊಡೆಯಲು ಬಂದ ಆಳು ಸಂಜೆ ವಾಂತಿ ಮಾಡಿ, ಜೊಲ್ಲು ಸುರಿಸಿ ಬಿದ್ದರು. ಆಸ್ಪತ್ರೆಯ ಖರ್ಚನ್ನು ನಾನೇ ಕೊಟ್ಟೆ. ಮನೆಗೆ ಬಂದು ಎರಡು ವಾರದ ಮೇಲೆ ಈಗ ಕಾಲು ಜೋಮು ಹಿಡಿದಿದೆ ಎನ್ನುತ್ತಿದ್ದಾರೆ. ನನ್ನ ಜವಾಬ್ದಾರಿ ಇನ್ನೂ ಇದೆಯೇ?
– ಕೃಷಿಕರು, ಶಿರಸಿ ತಾಲ್ಲೂಕು

ಉತ್ತರ: ಇದೆ, ಮತ್ತು ಕೇಳಿದ್ದು ಒಳ್ಳೆಯದಾಯಿತು. ವಾಂತಿ, ಜೊಲ್ಲು, ಬೆವರು, ಕಣ್ಣು ಮಂಜಾಗುವುದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ಲಕ್ಷಣಗಳು. ಅವುಗಳಲ್ಲಿ ಕೆಲವು, ರೋಗಿ ಗುಣವಾದನೆಂದುಕೊಂಡ ಎರಡು ಮೂರು ವಾರಗಳ ನಂತರ ಕೈಕಾಲಿನ ನರಗಳನ್ನು ಹಿಡಿಯುತ್ತವೆ. ಆದ್ದರಿಂದ ಜೋಮನ್ನು ನೆಪವೆಂದು ತಳ್ಳಿಹಾಕದೆ ನರರೋಗ ವೈದ್ಯರಿಗೆ ತೋರಿಸಿ. ಔಷಧಿಯ ಡಬ್ಬಿಯನ್ನು ಎಸೆಯಬೇಡಿ, ವೈದ್ಯರಿಗೆ ಅದರ ಲೇಬಲ್ ಬೇಕು. ಲೇಬಲ್ಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ, ನಂತರದ್ದು ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಬೆನ್ನಿನ ಪಂಪು ಸೋರಿ ಅಂಗಿ ನೆನೆದರೆ ಚರ್ಮದಿಂದಲೇ ವಿಷ ಒಳಗೆ ಹೋಗುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಕೆನ್ನುವ ನಂಬಿಕೆ ನಮ್ಮ ಕಡೆ ಅನೇಕರ ಜೀವಕ್ಕೆ ಕುತ್ತು ತರುತ್ತಿದೆ, ನೆನೆದ ಟವೆಲ್ ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ.

ಕೃಷಿಯಲ್ಲಿ ಕೀಟನಾಶಕ ಸಿಂಪಡಿಸುವವರು ನೌಕರರ ಪರಿಹಾರ ಕಾನೂನಿನ ಎರಡನೇ ಅನುಸೂಚಿಯಲ್ಲಿ ಹೆಸರಿಸಿಯೇ ಸೇರಿದ್ದಾರೆ. ದಿನಗೂಲಿಯವರು ಎಂಬುದು ವಿನಾಯಿತಿಯಲ್ಲ. ಮೂರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ಹೊಣೆ ಆರಂಭವಾಗುತ್ತದೆ. ಊರಿನ ಹಿರಿಯರ ಮುಂದೆ ಇಷ್ಟು ಹಣ ಕೊಟ್ಟು ಮುಗಿಸಿದೆವು ಎಂಬ ಒಪ್ಪಂದ, ಪರಿಹಾರದ ಅರ್ಜಿ ಆಲಿಸುವ ಅಧಿಕಾರಿಯ ಬಳಿ ನೋಂದಣಿಯಾಗದಿದ್ದರೆ, ನಿಮ್ಮನ್ನು ಕಾಯುವುದಿಲ್ಲ. ಮುಂದಿನ ಹಂಗಾಮಿಗೆ ಮುಂಚೆ ಸಾಮಾನ್ಯ ವಿಮಾ ಕಂಪನಿಯಿಂದ ಆಳುಗಳ ಹೆಸರಿನಲ್ಲಿ ಪರಿಹಾರ ಪಾಲಿಸಿ ತೆಗೆದುಕೊಳ್ಳಿ. ಅಡಿಕೆಗೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ನಿರಪಾಯವೇ ಎಂದೂ ಕೇಳಿದ್ದೀರಿ. ಅದು ಇಂಥ ಕೀಟನಾಶಕಗಳಷ್ಟು ತೀಕ್ಷ್ಣವಲ್ಲ, ಆದರೆ ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣವನ್ನು ವರ್ಷಗಟ್ಟಲೆ ಹೊಡೆದವರ ಶ್ವಾಸಕೋಶ ಕೆಟ್ಟದ್ದು ವೈದ್ಯಕೀಯ ದಾಖಲೆಯಲ್ಲಿದೆ. ಅಡಿಕೆ ಮರ ಹತ್ತಿ ಈ ಮದ್ದು ಹೊಡೆಯುವ ಕೊನೆಗೌಡರಿಗೂ ಮಾಸ್ಕು ಮತ್ತು ಕನ್ನಡಕ ಬೇಕು.

ಪ್ರಶ್ನೆ: ನಮ್ಮದು ಗೇರು ತೋಪಿನ ಅಂಚಿನ ಮನೆ. ತಮ್ಮನಿಗೆ ಹುಟ್ಟಿನಿಂದ ಅಂಗವೈಕಲ್ಯ, ತೋಪಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತನೆಂದು ಗುರುತಿಸಿದ್ದಾರೆ. ಕೇರಳದಲ್ಲಿ ಕೊಟ್ಟಂತೆ ಐದು ಲಕ್ಷ ನಮಗೂ ಸಿಗುವುದೇ?
– ಓದುಗರು, ಭಟ್ಕಳ

ಉತ್ತರ: ಐದು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಕೊಟ್ಟ ಆದೇಶ ಕೇರಳ ಸರ್ಕಾರಕ್ಕೆ ಅನ್ವಯಿಸುವಂಥದು, ಇಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ಕರ್ನಾಟಕವು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ಪೀಡಿತರಿಗೆ ಅಂಗವೈಕಲ್ಯದ ಶೇಕಡಾವಾರು ನೋಡಿ ಮಾಸಾಶನ ಕೊಡುತ್ತದೆ. ತಮ್ಮನವರ ಪ್ರಮಾಣಪತ್ರ ಹಳೆಯದಾಗಿದ್ದು ಸ್ಥಿತಿ ಬಿಗಡಾಯಿಸಿದ್ದರೆ ಮರುಮೌಲ್ಯಮಾಪನಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಅರ್ಜಿ ಕೊಡಿ, ಮಾಸಾಶನದ ದರ ಅದರ ಮೇಲೆ ನಿಂತಿದೆ. ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಲು ಐದು ವರ್ಷದ ಮಿತಿ ಇದೆ. ಈ ಕೀಟನಾಶಕ 2011ರಲ್ಲೇ ನಿಷೇಧವಾದ್ದರಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಹೆಚ್ಚಿನ ಪರಿಹಾರಕ್ಕಾಗಿ ಉಳಿದಿರುವ ದಾರಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ. ಒಬ್ಬರೇ ಹೋಗುವುದಕ್ಕಿಂತ ನಿಮ್ಮ ಊರಿನ ಗುರುತಿಸಲ್ಪಟ್ಟ ಕುಟುಂಬಗಳೆಲ್ಲ ಸೇರಿ, ಪ್ರತಿಯೊಬ್ಬರ ಪ್ರಮಾಣಪತ್ರ ಮತ್ತು ತೋಪಿನಿಂದ ಮನೆಗಿರುವ ದೂರವನ್ನು ತೋರಿಸುವ ನಕ್ಷೆಯೊಂದಿಗೆ ಹೋಗುವುದು ಸೂಕ್ತ.