ಚಕಮಕಿ ಕೋವಿ: ಹಣ ಸುರಿಯಬೇಕಾದದ್ದು ಎಲ್ಲಿ?

ಪ್ರಶ್ನೆ: ಮಾನ್ಯರೇ, ನಾನು ಕೊಡಗಿನವನು, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ಇಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಗಳಿಗೆಂದೇ ಮೀಸಲಾದ ಜಿಂಕೆ ಬೇಟೆಯ ಅವಧಿಯೊಂದಿದೆ. ಅದಕ್ಕಾಗಿ ಒಂದು ರೈಫಲ್ ಕೊಳ್ಳಬೇಕೆಂದಿದ್ದೇನೆ. ಕೆಲವೇ ನೂರು ಡಾಲರಿಗೆ ದೊರೆಯುವ ಕಾರ್ಖಾನೆಯ ಮಾಲೂ ಇದೆ, ಕುಶಲಕರ್ಮಿಗಳು ಕೈಯಿಂದ ಮಾಡಿಕೊಡುವ, ಹಲವು ಸಾವಿರ ಡಾಲರು ಬೆಲೆಯದೂ ಇದೆ. ವರ್ಷಕ್ಕೆ ನಾಲ್ಕಾರು ದಿನ ಕಾಡಿಗೆ ಹೋಗುವವನು ಅಗ್ಗದ್ದನ್ನು ಕೊಂಡರೆ ಏನು ನಷ್ಟ?
– ಓದುಗರೊಬ್ಬರು, ಪೆನ್ಸಿಲ್ವೇನಿಯಾ

ಉತ್ತರ: ನೀವು ಹೇಳಿದ ಎರಡು ಬೆಲೆಗಳ ನಡುವಿನ ಅಂತರದಲ್ಲಿ ದೊಡ್ಡ ಪಾಲು ಅಲಂಕಾರದ್ದು. 18ನೆಯ ಶತಮಾನದಲ್ಲಿ ನಿಮ್ಮ ರಾಜ್ಯದ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನ್ ಮೂಲದ ಕುಶಲಿಗಳು ರೂಪಿಸಿದ ಉದ್ದನಳಿಗೆಯ ರೈಫಲ್ಲನ್ನೇ ಇಂದಿನ ಅನೇಕ ಕರ್ಮಿಗಳು ಮಾದರಿಯಾಗಿ ಇಟ್ಟುಕೊಂಡಿದ್ದಾರೆ. ಅಲೆಯಲೆಯಾದ ನಾರಿನ ಮೇಪಲ್ ಮರದ ದಸ್ತು (ನಳಿಗೆಯನ್ನು ಕೂರಿಸುವ ಮರದ ಭಾಗ), ಅದರ ಮೇಲಿನ ಕೆತ್ತನೆ, ಹಿತ್ತಾಳೆಯ ಮುಚ್ಚಳದ ಪುಟ್ಟ ಪೆಟ್ಟಿಗೆ, ಇವೆಲ್ಲಕ್ಕೂ ತಗಲುವ ದೀರ್ಘ ಕೈಕೆಲಸವೇ ಆ ಸಾವಿರಗಳು. ಬೆಲೆ ನ್ಯಾಯವಾದದ್ದೇ, ಆದರೆ ಜಿಂಕೆಗೆ ಅದರ ಪರಿವೆಯಿಲ್ಲ.

ಬೇಟೆಗಾರನು ಹಣ ಕೊಡಬೇಕಾದದ್ದು ಮೊದಲಿಗೆ ಲಾಕಿಗೆ, ಅಂದರೆ ಕಿಡಿ ಹೊಡೆದು ಮದ್ದು ಹೊತ್ತಿಸುವ ಯಂತ್ರಭಾಗಕ್ಕೆ, ಅನಂತರ ನಳಿಗೆಗೆ. ಕೊಡಗಿನಲ್ಲಿ ನೀವು ಕೇಪಿನ (ಪೆಟ್ಟು ಬಿದ್ದೊಡನೆ ಸಿಡಿಯುವ ಪುಟ್ಟ ಲೋಹದ ಟೋಪಿಯ) ಕೋವಿಯನ್ನು ನೋಡಿರಬಹುದು. ಅದರಲ್ಲಿ ಲಾಕು ಸಾಧಾರಣವಾಗಿದ್ದರೂ ಕೇಪಿನ ಮೇಲೆ ಪೆಟ್ಟು ಬಿದ್ದರೆ ಕೆಲಸ ಮುಗಿಯಿತು. ಚಕಮಕಿ ಕೋವಿಯಲ್ಲಿ ಹಾಗಲ್ಲ. ಕುದುರೆಯ, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯ, ಬಾಯಲ್ಲಿ ಕಚ್ಚಿರುವ ಕಲ್ಲು ಫ್ರಿಜನ್ ಎಂಬ ಉಕ್ಕಿನ ತಟ್ಟೆಯನ್ನು ಸರಿಯಾದ ಕೋನದಲ್ಲಿ ಉಜ್ಜಬೇಕು, ಆ ತಟ್ಟೆ ಸಾಕಷ್ಟು ಗಡುಸಾಗಿದ್ದು ಬಿಸಿ ಕಿಡಿಗಳನ್ನು ಕೊಡಬೇಕು, ಅದೇ ಕ್ಷಣದಲ್ಲಿ ಮುಂದಕ್ಕೆ ಸರಿದು ರಂಜಕದ (ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದಿನ) ಬಟ್ಟಲನ್ನು ತೆರೆಯಬೇಕು, ಕಿಡಿಗಳು ಬಟ್ಟಲೊಳಗೇ ಬೀಳಬೇಕು, ಮತ್ತು ಅಲ್ಲಿ ಹೊತ್ತಿದ ಬೆಂಕಿ ನಳಿಗೆಯ ಪಕ್ಕದ ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟಬೇಕು. ಅಗ್ಗದ ಕೋವಿಯಲ್ಲಿ ಎಡವುವುದು ಸಾಮಾನ್ಯವಾಗಿ ಈ ಸರಪಳಿಯಲ್ಲಿಯೇ: ತಟ್ಟೆ ಮೆದುವಾಗಿರುತ್ತದೆ, ಸ್ಪ್ರಿಂಗುಗಳು ಒಂದಕ್ಕೊಂದು ಹೊಂದಿರುವುದಿಲ್ಲ, ರಂಧ್ರವು ಬಟ್ಟಲಿನ ಅಂಚಿನ ಮಟ್ಟಕ್ಕಿಂತ ತೀರ ಕೆಳಗೋ ಮೇಲೋ ಇರುತ್ತದೆ. ಪರಿಣಾಮವಾಗಿ ರಂಜಕ ಮಾತ್ರ ಭುಗಿಲೆದ್ದು ಕೋವಿ ಸುಮ್ಮನಿರುತ್ತದೆ, ಅಥವಾ ಕುದುರೆ ಬಿದ್ದ ಮೇಲೆ ಗುಂಡು ಹೊರಡುವಷ್ಟರಲ್ಲಿ ನಿಮ್ಮ ಗುರಿ ಅಲುಗಿರುತ್ತದೆ. ಕೆಟ್ಟ ಲಾಕು ಕಲ್ಲುಗಳನ್ನೂ ಬೇಗ ತಿಂದುಹಾಕುತ್ತದೆ. ಒಳ್ಳೆಯ ಲಾಕಿನಲ್ಲಿ ಒಂದು ಕಲ್ಲು ಹತ್ತಾರು ಸಲ ಕಿಡಿ ಕೊಡುತ್ತದೆ.

ಹಾಗೆಂದು ಅಗ್ಗದ ಕೋವಿಯೆಲ್ಲ ಅಪಾಯಕಾರಿ ಎಂದು ತಿಳಿಯಬೇಡಿ. ಹೆಸರುವಾಸಿ ಸ್ಪೇನ್ ಮತ್ತು ಇಟಲಿ ಕಾರ್ಖಾನೆಗಳ ನಳಿಗೆಗಳು ಒತ್ತಡದ ಪರೀಕ್ಷೆಗೆ ಒಳಪಟ್ಟು, ಅದರ ಮುದ್ರೆಯೊಂದಿಗೆ ಹೊರಬರುತ್ತವೆ. ನೀವು ನೋಡಿಕೊಳ್ಳಬೇಕಾದದ್ದು ನಳಿಗೆಯೊಳಗಿನ ತಿರುವು, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಎಷ್ಟು ಉದ್ದಕ್ಕೆ ಒಂದು ಸುತ್ತು ಹಾಕುತ್ತವೆ ಎಂಬುದು. ಬಟ್ಟೆಯ ತುಂಡಿನಲ್ಲಿ ಸುತ್ತಿದ ದುಂಡನೆಯ ಸೀಸದ ಗುಂಡಿಗೆ 60ರಿಂದ 70 ಇಂಚಿಗೆ ಒಂದು ಸುತ್ತಿನ ನಿಧಾನದ ತಿರುವು ಹಿತ. 48 ಇಂಚಿನದು ಎರಡೂ ಕಡೆಗೆ ಸಲ್ಲುವ ರಾಜಿ. 28 ಇಂಚಿನ ಚುರುಕಾದ ತಿರುವಿನ ಕೋವಿಗಳು ಉದ್ದನೆಯ ಗುಂಡುಗಳಿಗಾಗಿ ಮಾಡಿದವು. ಯಾವ ಗುಂಡನ್ನು ಬಳಸುವಿರಿ ಎಂಬುದನ್ನು ತೀರ್ಮಾನಿಸದೆ ಕೋವಿ ಕೊಳ್ಳುವುದು ಹಣ ಕಳೆಯುವ ಖಚಿತವಾದ ದಾರಿ. .50 ಕ್ಯಾಲಿಬರ್ (ಅರ್ಧ ಇಂಚು ಒಳವ್ಯಾಸದ ನಳಿಗೆ) ಜಿಂಕೆಗೆ ಸಾಕು. ದುಂಡು ಗುಂಡಿನಿಂದ 75 ಗಜದೊಳಗೆ ಹೊಡೆಯುವುದು ಲೇಸು.

ನಿಮ್ಮಂಥವರಿಗೆ ನನ್ನ ಸಲಹೆ ಅತಿ ಅಗ್ಗದ್ದೂ ಅಲ್ಲ, ಕೆತ್ತನೆಯದ್ದೂ ಅಲ್ಲ. ಕೈಕೆಲಸದಲ್ಲಿ ತಾಳ್ಮೆಯುಳ್ಳವರಾದರೆ ಒಳ್ಳೆಯ ಲಾಕು, ಒಳ್ಳೆಯ ನಳಿಗೆ ಇರುವ ಕಿಟ್ (ನೀವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟು) ಕೊಳ್ಳಿ. ಇತ್ತೀಚೆಗೆ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಕೊರೆದ ಕಿಟ್‌ಗಳಲ್ಲಿ ಲಾಕು ಕೂರುವ ಜಾಗವೂ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. ಉಳಿಯುವುದು ಉಜ್ಜುವುದು, ಬಣ್ಣ ಕೊಡುವುದು, ಎಣ್ಣೆ ಹಚ್ಚುವುದು. ಸಾವಿರ ಡಾಲರಿನ ಆಸುಪಾಸಿನಿಂದ ತೊಡಗುವ ಈ ಬೆಲೆಯಲ್ಲಿ, ಅದರ ಎರಡು ಮೂರು ಪಟ್ಟು ಬೆಲೆಯ ಕೋವಿಗೆ ಸರಿಸಮನಾದ ಕಿಡಿ ಸಿಗುತ್ತದೆ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಕಾರ್ಖಾನೆಯ ಕೋವಿಯನ್ನೇ ಕೊಂಡು, ತಿಳಿದವರಿಂದ ಫ್ರಿಜನ್ನನ್ನು ಮತ್ತೆ ಗಡುಸು ಮಾಡಿಸಿ, ರಂಧ್ರಕ್ಕೆ ಹೊಸ ಲೈನರ್ (ರಂಧ್ರದೊಳಗೆ ಕೂರುವ ಪುಟ್ಟ ಲೋಹದ ಕೊಳವೆ) ಹಾಕಿಸಿ. ಈ ರಿಪೇರಿಯ ಖರ್ಚನ್ನು ಕೊಳ್ಳುವ ಬೆಲೆಗೆ ಮೊದಲೇ ಕೂಡಿಸಿ ಲೆಕ್ಕ ಹಾಕಿರಿ. ಕೆಲವೊಮ್ಮೆ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ.

ಮದ್ದಿನಲ್ಲಿ ಮಾತ್ರ ಉಳಿತಾಯ ಬೇಡ. ಕರಿಮದ್ದಿಗೆ ಬದಲಾಗಿ ಮಾರುವ ಪೈರೊಡೆಕ್ಸ್‌ನಂಥ ಮದ್ದುಗಳಿಗೆ ಹೊತ್ತಿಕೊಳ್ಳಲು ಹೆಚ್ಚಿನ ಬಿಸಿ ಬೇಕು, ಆದ್ದರಿಂದ ಚಕಮಕಿ ಕೋವಿಯಲ್ಲಿ ಅವು ಕೈಕೊಡುತ್ತವೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ನಿಜವಾದ ಕರಿಮದ್ದನ್ನೇ ಹುಡುಕಿರಿ. ಅದನ್ನು ಇಡುವ ಅಂಗಡಿಗಳು ಕಡಿಮೆ. ದೂರದಿಂದ ತರಿಸಿದರೆ ಅಪಾಯಕಾರಿ ಸರಕಿನ ಶುಲ್ಕ ಬೇರೆ.

ಪ್ರಶ್ನೆ: ಯಾರೋ ಬಳಸಿದ ಚಕಮಕಿ ಕೋವಿಯನ್ನು ಕಡಿಮೆ ಬೆಲೆಗೆ ಕೊಳ್ಳಬಹುದೇ?
– ಮತ್ತೊಬ್ಬ ಓದುಗರು

ಉತ್ತರ: ಧಾರಾಳವಾಗಿ, ಆದರೆ ಕೈಯಲ್ಲಿ ಹಿಡಿದು ನೋಡಿದ ಮೇಲೆ. ಮೊದಲು ಗಜವನ್ನು (ಗುಂಡನ್ನು ಒಳಕ್ಕೆ ತಳ್ಳುವ ಕೋಲನ್ನು) ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಅದರ ತುದಿ ರಂಧ್ರದವರೆಗೂ ಬಾರದಿದ್ದರೆ ಒಳಗೆ ಹಳೆಯ ಗುಂಡು, ಮದ್ದು ಇರಬಹುದು. ಖಾಲಿ ಎಂದು ಖಚಿತವಾದ ಮೇಲೆ ಬಿಗಿಯಾದ ಬಟ್ಟೆಯನ್ನು ಗಜಕ್ಕೆ ಸುತ್ತಿ ಓಡಿಸಿರಿ. ಕರಿಮದ್ದಿನ ಮಸಿ ತೇವವನ್ನು ಹೀರಿ ಉಕ್ಕನ್ನು ತಿನ್ನುವುದರಿಂದ, ತೊಳೆಯದೆ ಇಟ್ಟ ನಳಿಗೆಯಲ್ಲಿ ಬಟ್ಟೆ ಅಲ್ಲಲ್ಲಿ ತಡವರಿಸುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ ಟ್ರಿಗರ್ ಒತ್ತಿದಾಗ ಅದು ಜಾರಿ ಬಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೊಳ್ಳಬೇಡಿ. ಕೊನೆಗೆ ಮಾಲೀಕರ ಒಪ್ಪಿಗೆ ಪಡೆದು, ಮದ್ದಿಲ್ಲದೆ, ಮಬ್ಬು ಬೆಳಕಿನಲ್ಲಿ ಕಿಡಿ ಹೊಡೆಸಿ ನೋಡಿ. ಬಿಳಿಯಾದ ಕಿಡಿಗಳು ದಟ್ಟವಾಗಿ ಬಟ್ಟಲಿಗೇ ಸುರಿದರೆ ದಸ್ತಿನ ಮೇಲಿನ ಗೀರುಗಳನ್ನು ತೋರಿಸಿ ಚೌಕಾಸಿ ಶುರುಮಾಡಬಹುದು.