ಸಿನಿಮಾ ಮರೆತುಹೋಯಿತು, ಟ್ಯೂನ್ ಉಳಿಯಿತು

'ಆನ್ ಗ್ರೀನ್ ಡಾಲ್ಫಿನ್ ಸ್ಟ್ರೀಟ್' ಸಿನಿಮಾದ ಟ್ಯೂನ್ ಆಗಿದ್ದರೂ ಜಾಝ್‌ನವರೆಲ್ಲ ಅದನ್ನೇ ಯಾಕೆ ನುಡಿಸುತ್ತಾರೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

1947ರ 'ಗ್ರೀನ್ ಡಾಲ್ಫಿನ್ ಸ್ಟ್ರೀಟ್' ಸಿನಿಮಾಕ್ಕೆ ಬ್ರೋನಿಸ್ಲಾವ್ ಕೇಪರ್ ಮಾಡಿದ ಟ್ಯೂನ್ ಇದು. ಸಾಹಿತ್ಯ ನೆಡ್ ವಾಷಿಂಗ್ಟನ್ ಅವರದು. ಜಾಝ್ ಪಿಯಾನೋ ವಾದಕ ಅಹ್ಮದ್ ಜಮಾಲ್ 1956ರಲ್ಲಿ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1958ರಲ್ಲಿ ರೆಕಾರ್ಡ್ ಮಾಡಿದರು. ಮೈಲ್ಸ್ ಜೊತೆ ಸ್ಯಾಕ್ಸೋಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಪಿಯಾನೋದಲ್ಲಿ ಬಿಲ್ ಇವಾನ್ಸ್ ಎಲ್ಲ ಇದ್ದರು. ಆಮೇಲೆ ಇದು ಎಲ್ಲರದೂ ಆಯಿತು.

ಆದರೆ ದೊಡ್ಡ ಹೆಸರುಗಳಷ್ಟೇ ಕಾರಣ ಅಲ್ಲ. ಟ್ಯೂನ್ ಒಳಗೇ ಜಾಗ ಇದೆ. ಶುರುವಿನ ಎಂಟು ಬಾರ್‌ಗಳಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ಬೇಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ, ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ನಮ್ಮ ತಂಬೂರಿ ಶ್ರುತಿ ಹಿಡಿದ ಹಾಗೆ. ಮೇಲೆ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮಾತ್ರ ಬದಲಾಗುತ್ತವೆ: ಬೆಳಕಿನ ಭಾವದ ಮೇಜರ್, ಮಂಕು ಭಾವದ ಮೈನರ್, ಮತ್ತೆ ಜಾರಿಕೊಂಡು ಮನೆಗೆ, ಅಂದರೆ ಶುರುವಿನ ಕಾರ್ಡ್‌ಗೆ. ಮುಂದಿನ ಎಂಟರಲ್ಲಿ ಬೇಸ್ ಸ್ವರದಿಂದ ಸ್ವರಕ್ಕೆ ನಡೆಯಲು ಶುರು ಮಾಡುತ್ತದೆ, ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಬರುತ್ತದೆ. ಬಿಗಿ ಹಿಡಿದು ಬಿಟ್ಟ ಹಾಗೆ, ಅಲ್ವಾ? ಸೋಲೋ, ಅಂದರೆ ಒಬ್ಬರೇ ಮನೋಧರ್ಮದಿಂದ, ನುಡಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು! ಒಟ್ಟು 32 ಬಾರ್ ಅಷ್ಟೇ, ಬೇಗ ಕೈಗೆ ಹತ್ತುತ್ತದೆ.

ಮೈಲ್ಸ್ ರೆಕಾರ್ಡಿಂಗ್ ಹಾಕಿ, ಮೊದಲ ಸಲ ಬೇಸ್ ಮಾತ್ರ ಕೇಳಿ. ಬೇಸ್ ನುಡಿಸಿದ ಪಾಲ್ ಚೇಂಬರ್ಸ್ ನಿಂತ ಜಾಗದಿಂದ ಹೊರಡುವ ಆ ಕ್ಷಣ ನನಗೆ ಈಗಲೂ ರೋಮಾಂಚನ.